ಹೊನ್ನವ್ವ ಹೇಳದ ಮಾತು

ಚಂದ್ರಾ ಲೇಔಟ್, ಬೆಂಗಳೂರು
೧೫ ಜೂನ್ ೨೦೦೯, ಸೋಮವಾರ

ಪ್ರೀತಿಯ ದಾನಮ್ಮನಿಗೆ,

ಚಿಕ್ಕವಳಿಗೆ ಆಶೀರ್ವಾದ ಬರೆದು ಶುರು ಮಾಡುವುದು ವಾಡಿಕೆ. ಈ ಸಲ ಅದನ್ನು ಬರೆಯಲು ಕೈ ಬರುತ್ತಿಲ್ಲ. ಬ್ರೌಸಿಂಗ್ ಸೆಂಟರಿನ ಕಲಕ್ಕ ನಾನು. ನಿನ್ನ ಅವ್ವ ಹೊನ್ನವ್ವ, ತಮ್ಮ ಇಬ್ಬರೂ ಆರೋಗ್ಯವಾಗಿದ್ದಾರೆ. ಮೇಲ್‌ಗೆ ನೀನು ಉತ್ತರ ಬರೆಯುವುದನ್ನು ಬಿಟ್ಟು ಎಂಟು ತಿಂಗಳಾಯಿತು. ಅದಕ್ಕೇ, ಕೆಲಸಕ್ಕೆ ಸೇರಿದಾಗ ನೀನು ಕೊಟ್ಟಿದ್ದ ಮಸ್ಕತ್ತಿನ ಆಸ್ಪತ್ರೆಯ ವಿಳಾಸಕ್ಕೆ ಈ ಕಾಗದ ಹಾಕುತ್ತಿದ್ದೇನೆ. ನಿನ್ನ ಗಂಡನ ಕಣ್ಣಿಗೆ ಬೀಳದೆ ನಿನ್ನ ಕೈ ಸೇರಲಿ.

ಅಂಗಡಿಯನ್ನು ಈ ತಿಂಗಳ ಕೊನೆಗೆ ಮುಚ್ಚುತ್ತಿದ್ದೇನೆ. ನೀನು ನೋಡಿದ್ದ ಎಂಟು ಕಂಪ್ಯೂಟರುಗಳಲ್ಲಿ ಎರಡು ಉಳಿದಿವೆ. ಎರಡೆಳೆ ಸರ ಮಾರಿ ತಂದ ಯಂತ್ರಗಳನ್ನು ಇವತ್ತು ಗುಜರಿಯವನೂ ಮೂಸಿ ನೋಡುವುದಿಲ್ಲ. ಕಂಪ್ಯೂಟರ್ ಅಗ್ಗವಾಗಿ ಮನೆಮನೆಗೂ ಬಂತು. ಈಗ ಕಾಲೇಜು ಹುಡುಗರ ಮೊಬೈಲಿನಲ್ಲೇ ಮೇಲ್ ತೆರೆಯುತ್ತದೆ. ಹಿಂದೆ ಕ್ಯಾಬಿನ್ನಿಗಾಗಿ ಜಗಳವಾಡುತ್ತಿದ್ದವರು ಈಗ ಬಾಗಿಲಲ್ಲೇ ನಿಂತು, ಜೆರಾಕ್ಸ್ ಇದೆಯಾ ಎಂದು ಕೇಳಿ ಹೋಗುತ್ತಾರೆ. ಇರಲಿ, ಆ ಗೋಳು ಹೇಳಿಕೊಳ್ಳಲು ಕಾಗದ ಹಿಡಿದಿಲ್ಲ.

ಹೋದ ವಾರ ನಿನ್ನ ತಮ್ಮ ಶ್ರೀಶೈಲ ನೋಟ್‌ಬುಕ್ಕಿನಷ್ಟಗಲದ ಪುಟ್ಟ ಲ್ಯಾಪ್‌ಟಾಪ್ ಕೊಂಡ. ಪಕ್ಕಕ್ಕೊಂದು ಕಡ್ಡಿ ಸಿಕ್ಕಿಸಿದರೆ ಇಂಟರ್ನೆಟ್ ಬರುತ್ತದೆ, ಕ್ಯಾಮೆರಾನೂ ಅದರಲ್ಲೇ ಇದೆ. ಶಿಫ್ಟ್ ಕೆಲಸ ಎಂದು ಇಷ್ಟು ದಿನ ಈ ಕಡೆ ತಲೆ ಹಾಕದಿದ್ದವನು, ಅವ್ವನ ಮೇಲ್‌ನ ಪಾಸ್‌ವರ್ಡ್ ಕೇಳಲು ಬಂದ. "ಇನ್ಮ್ಯಾಲೆ ಅವ್ವಗ ನಾನ ಓದಿ ಹೇಳ್ತೀನ್ರಿ ಅಕ್ಕಾ, ನಿಮಗ್ಯಾಕ ತ್ರಾಸು" ಎಂದ. ಅಷ್ಟು ಒಳ್ಳೆಯ ಮಾತಿಗೆ ನಾನು, ಹುಡುಕಿ ಕೊಡುತ್ತೇನೆ ಎಂದು ಅವನನ್ನು ಸಾಗಹಾಕಿದೆ. ಯಾಕೆಂದು ಹೇಳುತ್ತೇನೆ.

ಮಸ್ಕತ್ತಿಗೆ ಹೊರಡುವ ಮುನ್ನ ನೀನು ಅವ್ವನನ್ನು ನನ್ನೆದುರು ಕೂರಿಸಿ, "ಅವ್ವಗ ಓದಾಕ ಬರಂಗಿಲ್ಲಕ್ಕಾ, ನಾ ಬರದಿದ್ದು ಓದಿ ಹೇಳ್ರಿ, ಆಕಿ ಹೇಳಿದ್ದು ಬರೀರಿ" ಎಂದಿದ್ದೆ. ಅಂದಿನಿಂದ ಪ್ರತಿ ಭಾನುವಾರ ನಿನ್ನ ಅವ್ವ ವಿಜಯನಗರದ ಖಾನಾವಳಿಯಲ್ಲಿ ರೊಟ್ಟಿ ಬಡಿದು ಮುಗಿಸಿ ನೇರ ಇಲ್ಲಿಗೆ ಬರುತ್ತಿದ್ದರು. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ನನ್ನ ಬಾಯನ್ನೇ ನೋಡುತ್ತಾ ಕೂರುತ್ತಿದ್ದರು. ಫೋನಿನಲ್ಲಿ ಮಾತಾಡುವಾಗ ಗಂಡ ಪಕ್ಕದಲ್ಲೇ ನಿಂತಿರುತ್ತಾನೆ ಎಂದು ನೀನು ಬರೆದಿದ್ದೆ. ನಿನ್ನ ಮನಸ್ಸಿನ ಮಾತು ಅವ್ವನನ್ನು ಮುಟ್ಟಲು ಇದ್ದ ದಾರಿ ನಾನೊಬ್ಬಳೇ.

ಅಕ್ಟೋಬರಿನಲ್ಲಿ ನಿನ್ನ ಆ ಪತ್ರ ಬಂತು. ಹೊಡೆತ ತಾಳಲಾರೆ, ಹೊರಟು ಬರಲೇ, ಅವ್ವನನ್ನು ಕೇಳಿ ಹೇಳಿ ಎಂದು ಬರೆದಿದ್ದೆ. ಅದೇ ಭಾನುವಾರ ನಿನ್ನ ಅವ್ವ, ಶ್ರೀಶೈಲನಿಗೆ ಹೆಣ್ಣು ಗೊತ್ತಾಯಿತೆಂದು ಸಕ್ಕರೆ ಹಿಡಿದುಕೊಂಡು ಬಂದಿದ್ದರು. ಗಂಡನನ್ನು ಬಿಟ್ಟು ನಾನು ತವರಿಗೆ ಬಂದ ವರ್ಷ ನನ್ನ ತಂಗಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಅವಳು ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ನನಗೆ ಅದೇ ನೆನಪಾಯಿತು. "ಮಗಳೇನ್ ಬರದಾಳ?" ಎಂದರು ನಿನ್ನ ಅವ್ವ. ಚೆನ್ನಾಗಿದ್ದಾಳಂತೆ ಎಂದುಬಿಟ್ಟೆ. ಅವರು ಎದ್ದು ಹೋದ ಮೇಲೆ ಅವರ ಹೆಸರಿನಲ್ಲಿ ಉತ್ತರ ಬರೆದೆ: "ಈಗ ಬರಬ್ಯಾಡ. ಹೊಂದಿಕೊಂಡು ಹೋಗು." ನಿನಗೆ ಅನುಮಾನ ಬಾರದಿರಲೆಂದು ಅವರು ಮಾತಾಡುವ ಹಾಗೆಯೇ ಬರೆದೆ.

ಅದು ನಿನ್ನ ಅವ್ವನ ಮಾತಲ್ಲ, ದಾನಮ್ಮ. ಅವರು ಯಾವತ್ತೂ ನಿನ್ನನ್ನು ಬರಬೇಡ ಎಂದಿಲ್ಲ. ನೀನು ಕೇಳಿದ್ದೇ ಅವರಿಗೆ ಗೊತ್ತಿಲ್ಲ.

ಶ್ರೀಶೈಲನ ಮದುವೆ ಮುಗಿದ ಮೇಲೆ ಸರಿಮಾಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ನೀನು ಬರೆಯುವುದನ್ನೇ ಬಿಟ್ಟೆ, ನಿನ್ನ ನಂಬರಿಗೆ ಫೋನೂ ಹೋಗಲಿಲ್ಲ. ನಿನ್ನ ಅವ್ವ ಮಾತ್ರ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ನಿನ್ನ ಹಳೆಯ ಪತ್ರವೊಂದನ್ನು ತೆರೆದಿಟ್ಟುಕೊಂಡು ಅದರಲ್ಲಿ ಇಲ್ಲದ್ದನ್ನೆಲ್ಲ ಓದಿದೆ. ನೀನು ದಪ್ಪಗಾಗಿದ್ದೀಯಂತೆ, ಹೊಸ ಮಂಚ ಕೊಂಡಿದ್ದೀಯಂತೆ, ಫೋನು ಕೆಟ್ಟಿದೆಯಂತೆ. ಅವರು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಗಿರಾಕಿಗಳೇ ಬಾರದ ಆ ದಿನಗಳಲ್ಲಿ ನಾನೂ ಅವರಿಗಾಗಿ ಕಾಯುತ್ತಿದ್ದೆ. ಸುಳ್ಳು ನನಗೂ ಹಿತವಾಗಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ನಿನ್ನೆ ಶ್ರೀಶೈಲ ಬ್ಯಾಡರಹಳ್ಳಿಯ ಮನೆಗೆ ನನ್ನನ್ನೂ ಕರೆದಿದ್ದ. ನಿನ್ನ ಅವ್ವ ತಲೆ ಬಾಚಿ, ಹಸಿರು ಇಳಕಲ್ ಸೀರೆ ಉಟ್ಟು, ಕ್ಯಾಮೆರಾದ ಮುಂದೆ ಕೂತಿದ್ದರು. ಇನ್ನು ಮಗಳ ಮುಖ ನೋಡಿಕೊಂಡೇ ಮಾತಾಡಬಹುದು ಎಂದು ಅವನು ಹೇಳಿದ್ದನಂತೆ. ಪರದೆಯಲ್ಲಿ ಕಾಣುತ್ತಿದ್ದದ್ದು ಅವರ ಮುಖವೇ. "ದಾನಿ ಎಲ್ಲದಾಳ? ಆಕಿಗೆ ನಾ ಕಾಣಾಕತ್ತೀನೇನ?" ಎಂದು ಮತ್ತೆಮತ್ತೆ ಕೇಳಿದರು. ಎರಡು ಗಂಟೆಯಾದರೂ ಏಳಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ.

ನನ್ನನ್ನು ಕ್ಷಮಿಸು ಎನ್ನುವುದಿಲ್ಲ. ಅವ್ವನ ಮೇಲಿನ ಕೋಪವನ್ನೆಲ್ಲ ನನ್ನ ಮೇಲೆ ಹಾಕು, ಅಷ್ಟು ಸಾಕು. ಹೊರಟು ಬಾ. ಬರಲಾಗದಿದ್ದರೆ ಶ್ರೀಶೈಲನಿಗೆ ಒಂದು ಫೋನು ಮಾಡು. ಅವನ ನಂಬರನ್ನು ಹಾಳೆಯ ಹಿಂದೆ ಬರೆದಿದ್ದೇನೆ.

ನಿನ್ನಿಂದ ಅಕ್ಕ ಎನ್ನಿಸಿಕೊಳ್ಳುವ ಯೋಗ್ಯತೆ ಕಳೆದುಕೊಂಡ,
ಕಲಾ

ತಾ.ಕ.: ಶ್ರೀಶೈಲನಿಗೆ ಪಾಸ್‌ವರ್ಡ್ ಕೊಟ್ಟೆ. ಕೊಡುವ ಮೊದಲು ನಿನ್ನ ಅಕ್ಟೋಬರಿನ ಪತ್ರವನ್ನೂ ನನ್ನ ಉತ್ತರವನ್ನೂ ಅಳಿಸಿಹಾಕಿದೆ. ಈಚಿನ ಮೇಲ್‌ಗಳು ಎಲ್ಲೋ ಕಳೆದುಹೋಗಿವೆ ಎಂದೆ, ಅವನು ನಂಬಿದ. ಅವರೆದುರು ನಿಂತು ಹೇಳುವ ಧೈರ್ಯ ನನಗೆ ಇಂದಿಗೂ ಇಲ್ಲ. ಹಾಗಾಗಿ ಈ ಕಾಗದವನ್ನು ಹರಿದುಹಾಕಬೇಡ, ಆ ಉತ್ತರ ಬರೆದದ್ದು ನಾನೇ ಎನ್ನುವುದಕ್ಕೆ ಇನ್ನು ಉಳಿದಿರುವ ಸಾಕ್ಷಿ ಇದೊಂದೇ. ಅವ್ವನಿಗೆ ಓದಿ ಹೇಳುವಾಗ ನನ್ನ ಮೇಲೆ ಕನಿಕರಪಟ್ಟು ಒಂದು ಸಾಲನ್ನೂ ಬಿಡಬೇಡ.