ಪೆಟ್ರೋಲಿಗೆ ನಾನು ಬೆರೆಸಿದ ಎಣ್ಣೆ

ಅಪ್ಪಯ್ಯಾ,

ಬೈಕ್ ಸರಿಯಾಯಿತು ಎಂದಷ್ಟೇ ಬರೆದು ಮುಗಿಸುವವಳಿದ್ದೆ. ಒಂದು ಹಾಳೆಯಲ್ಲಿ ಹಾಗೆ ಬರೆದೂ ಆಗಿತ್ತು. ಅದನ್ನು ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ. ಆ ಹೊಗೆಗೆ ಕಾರಣ ನಿಮ್ಮ ಕೈ ಅಲ್ಲ, ನಾನು.

ನನಗೆ ಹತ್ತು ವರ್ಷವಿದ್ದಾಗ ತ್ರಾಸಿಯ ಮನೆಯ ಜಗಲಿಯಲ್ಲಿ ಕೂತು ಬೈಕಿನ ಇಂಗ್ಲಿಷ್ ಪುಸ್ತಕವನ್ನು ನಿಮಗೆ ಓದಿ ಹೇಳುತ್ತಿದ್ದೆ. ಪೆಟ್ರೋಲಿಗೊಂದು ಟ್ಯಾಂಕ್, ಎಂಜಿನ್ನಿನ ಎಣ್ಣೆಗೆ ಇನ್ನೊಂದು. ಬೇಕಾದಷ್ಟೇ ಎಣ್ಣೆಯನ್ನು ಎಂಜಿನ್ನಿಗೆ ದೂಡುವುದು ಒಂದು ಪುಟ್ಟ ಪಂಪ್. ಐಸ್ ಪ್ಲಾಂಟಿನ ಫಿಟ್ಟರ್ ಆಗಿದ್ದ ನಿಮಗೆ ಇಂಗ್ಲಿಷ್ ಬಾರದು, ನನಗೆ ಯಂತ್ರ ತಿಳಿಯದು. ನಾನು ಒಂದು ಸಾಲಿನ ಅರ್ಥ ಹೇಳಿದರೆ ನೀವು ಒಂದು ಸ್ಕ್ರೂ ತಿರುಗಿಸುತ್ತಿದ್ದಿರಿ. “ಪೈಪಂಗೆ ಒಂದ್ ಗುಳ್ಳಿ ಗಾಳಿ ಉಳ್ದ್ರೂ ಎಣ್ಣೆ ಹೋತಿಲ್ಲ ಹೆಣೆ. ಗುಳ್ಳಿ ನಿಲ್ಲೂವರಿಗೆ ಸ್ಕ್ರೂ ಮುಚ್ಚುಕಾಗ.” ಎಣ್ಣೆ ಹೋಗದಿದ್ದರೆ ಏನಾಗುತ್ತದೆ ಎಂದು ಕೇಳಿದ್ದೆ. “ಎಂಜಿನ್ ಹಿಡ್ಕಂತ್ತ್. ಹಿಂದಿನ ಚಕ್ರ ಅಲ್ಲೇ ನಿಂತ್ ಹೋತ್ತ್.”

ಆ ಮಾತು ನನ್ನಲ್ಲಿ ಅಷ್ಟು ವರ್ಷ ಕೂತಿತ್ತೇ? ನಿಮ್ಮ ಬಲಗೈ ನಡುಗತೊಡಗಿದಾಗ ನನಗೆ ಕಂಡದ್ದು ಹೆದ್ದಾರಿ, ಹಿಂದಿನಿಂದ ಬರುವ ಮೀನಿನ ಲಾರಿ, ನಿಂತುಹೋದ ಚಕ್ರ. ಇನ್ನು ಬೈಕ್ ಬೇಡ ಎಂದು ಎದುರು ನಿಂತು ಹೇಳಲಿಲ್ಲ. ಕ್ಯಾನಿನಲ್ಲಿ ಪೆಟ್ರೋಲ್ ತರುವ ಕೆಲಸ ನನ್ನದಾಗಿತ್ತಲ್ಲ, ಬಂಕಿನಲ್ಲೇ ಅದಕ್ಕೆ ಎಣ್ಣೆ ಬೆರೆಸಿ ತಂದೆ. ನಿಮ್ಮ ಕೈ ತಪ್ಪಿ ಪಂಪಿನಲ್ಲಿ ಗುಳ್ಳೆ ಉಳಿದರೂ ಎಂಜಿನ್ ಒಣಗದಿರಲಿ ಎಂದು. ಪೊರೆ ಬಂದ ನಿಮ್ಮ ಕಣ್ಣಿಗೆ ಪೆಟ್ರೋಲಿನ ಬಣ್ಣ ಬದಲಾದದ್ದು ಕಾಣಲಿಲ್ಲ.

ಪಂಪಿನ ಎಣ್ಣೆಯ ಮೇಲೆ ನನ್ನ ಎಣ್ಣೆ. ಹೊಗೆ ಶುರುವಾಯಿತು, ಪ್ಲಗ್ಗಿಗೆ ಮಸಿ ಹಿಡಿಯಿತು. ನೀವು ಪಂಪಿನ ಮುಚ್ಚಳ ಬಿಚ್ಚಿ ಗಾಳಿ ತೆಗೆದಿರಿ, ಪಂಪಿನ ಕೇಬಲನ್ನು ಅದರ ಗುರುತಿನಿಂದ ಸ್ವಲ್ಪ ಸಡಿಲಿಸಿ ಎಣ್ಣೆ ಕಡಿಮೆ ಮಾಡಿದಿರಿ. ಮರುವಾರ ಇನ್ನೂ ಸ್ವಲ್ಪ. ನಾನು ಬೆರೆಸುತ್ತಲೇ ಇದ್ದೆ. ಒಂದು ದಿನ ನೀವೇ ಬಂಕಿಗೆ ಹೋಗಿ ಬರೀ ಪೆಟ್ರೋಲ್ ತುಂಬಿಸಿಕೊಂಡಿದ್ದರೆ, ಪಂಪಿನ ಎಣ್ಣೆ ಸಾಲದೆ ಎಂಜಿನ್ ಹಿಡಿದುಕೊಳ್ಳುತ್ತಿತ್ತು. ಅದು ನನಗೆ ಹೊಳೆದದ್ದು ನೀವು ತೀರಿಹೋದ ಮೇಲೆ.

ಬ್ರಹ್ಮಾವರದಿಂದ ನಿಮ್ಮ ಹಳೆಯ ಶಿಷ್ಯ, ಗ್ಯಾರೇಜಿನ ವಾಸಣ್ಣ ಬಂದ ದಿನ ನಾನು ಚಾ ಹಿಡಿದು ಬಾಗಿಲಲ್ಲೇ ನಿಂತಿದ್ದೆ. “ಹ್ವಾಯ್ ಫಿಟ್ರೆ, ಈ ಗಾಡಿ ಪಂಚಾಯ್ತಿಗೆ ಕೊಡಿ. ಸೊಳ್ಳಿಗೆ ಹೊಗಿ ಹಾಕುಕೆ ಲಾಯ್ಕ್ ಆತ್ತ್” ಎಂದು ಅವರು ನಗಾಡಿದರು. ನೀವು ನಗಲಿಲ್ಲ. “ಗುರ್ತಿಗೆ ಗುರ್ತ್ ಕೂರ್ಸಿ ಕಂಡೆ, ಕಮ್ಮಿ ಮಾಡಿಯೂ ಕಂಡೆ. ಇನ್ ಈ ಕೈಯಂಗೆ ಎಂತದೂ ಆಪ್ದಲ್ಲ ವಾಸು.”

“ಪ್ರಾಯ ಆಯ್ತಲ್ದಾ, ಬಿಡಿ. ಪಂಪ್ ಬಂದ್ ಮಾಡ್ವ. ಎಲ್ರ ಹಾಂಗೆ ಎಣ್ಣೆ ಪೆಟ್ರೋಲಿಗೇ ಬೆರ್ಸಿ ಹಾಕ್ವ.”

“ಬೇಡ” ಎಂದಿರಿ. ನಿಮ್ಮ ಸ್ಪ್ಯಾನರ್ ಪೆಟ್ಟಿಗೆಯನ್ನು ಅವರ ಸ್ಕೂಟರಿಗೆ ನೀವೇ ಕಟ್ಟಿಕೊಟ್ಟಿರಿ. ಗಂಟು ಹಾಕಲು ಎಷ್ಟು ಹೊತ್ತು ತೆಗೆದುಕೊಂಡಿರಿ! ನಾನು ಚಾದ ಲೋಟ ಎತ್ತಿಕೊಂಡು ಒಳಗೆ ಹೋದೆ. ನಾಳೆ ಹೇಳುತ್ತೇನೆ ಅಂದುಕೊಂಡೆ. ಮತ್ತೆ, ಹೇಳಿದರೆ ನೀವು ಪುನಃ ಹೆದ್ದಾರಿಗೆ ಹೋಗುತ್ತೀರಿ ಅಂದುಕೊಂಡೆ. ಅದು ಕಾಳಜಿಯೇ, ಇಲ್ಲ ಸಿಕ್ಕಿಬೀಳುವ ಹೆದರಿಕೆಯೇ? ಆಮೇಲೆ ನಲ್ಲಿ ಸೋರಿದರೂ “ಯಾರನ್ನಾರೂ ಕರ್ಸ್” ಎನ್ನುತ್ತಿದ್ದಿರಿ. ಐದು ತಿಂಗಳಿಗೆ ನೀವು ಹೋದಿರಿ.

ಕಳೆದ ವಾರ ಹೊಸ ಸ್ಪ್ಯಾನರ್ ತಂದು, ಪುಸ್ತಕವನ್ನು ಪಕ್ಕದಲ್ಲಿ ಬಿಡಿಸಿಟ್ಟುಕೊಂಡು, ಹಳೆಯ ಪೆಟ್ರೋಲನ್ನೆಲ್ಲ ತೆಗೆದೆ. ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ ಕಾದೆ. ಎಣ್ಣೆ ಒಂದೇ ಸಮನೆ ಇಳಿಯಿತು. ನೀವು ಕೊನೆಯ ಸಲ ಮಾಡಿದ ಕೆಲಸದಲ್ಲಿ ಒಂದು ಗುಳ್ಳೆಯೂ ಉಳಿದಿರಲಿಲ್ಲ, ಅಪ್ಪಯ್ಯ. ಕೇಬಲನ್ನು ಮೊದಲಿನ ಗುರುತಿಗೆ ತಂದು, ಬರೀ ಪೆಟ್ರೋಲ್ ಹಾಕಿ ಹೊರಟೆ. ಮರವಂತೆ ದಾಟುವಷ್ಟರಲ್ಲಿ ಹಳೆಯ ಮಸಿ ಸುಟ್ಟು ಹೋಯಿತು. ಬೈಂದೂರಿನಲ್ಲಿ ನಿಲ್ಲಿಸಿ ಹಿಂದೆ ನೋಡಿದೆ. ಹೊಗೆ ಇರಲಿಲ್ಲ. ಖುಷಿಯಾಗಬೇಕಿತ್ತು.

ಹೋದ ತಿಂಗಳು ಒಂದು ಮದುವೆಯ ಊಟದಲ್ಲಿ ವಾಸಣ್ಣ ನಾಲ್ಕು ಜನರೆದುರು, “ಫಿಟ್ರಿಗೆ ಕಡಿಕಡಿಗೆ ಕೈ ಹೋಯಿತ್ತ್, ಪಾಪ” ಎಂದರು. ನಾನು ಎದುರು ಪಂಕ್ತಿಯಲ್ಲಿ ಅನ್ನ ಕಲಸುತ್ತಾ ಕೂತಿದ್ದೆ. ಫೋನಿನಲ್ಲಿ ಹೇಳಹೊರಟರೆ ಅರ್ಧದಲ್ಲಿ ಮಾತು ತಿರುಗಿಸಿಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ನಿಮಗಂತೂ ವಿಳಾಸವಿಲ್ಲ. ಹಾಗಾಗಿ ಲಕೋಟೆಯ ಮೇಲೆ ವಾಸಣ್ಣನ ಗ್ಯಾರೇಜಿನ ವಿಳಾಸ ಬರೆದಿದ್ದೇನೆ. ಅವರು ಓದಲಿ, ಆ ನಾಲ್ಕು ಜನರಿಗೂ ಹೇಳಲಿ. ನೀವು ಹೋಗಿ ವರ್ಷ ತುಂಬುವ ದಿನ, ಜೂನ್ ಹನ್ನೆರಡಕ್ಕೆ, ಅಂಚೆಗೆ ಹಾಕುತ್ತೇನೆ.