ಕಿಟಕಿ ಪಕ್ಕದ ಪೆಟ್ಟಿಗೆ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಮನೆಯಲ್ಲಿ ಎಲ್ಲರೂ ಕ್ಷೇಮ ತಾನೇ? ಹೆರಿಗೆಯಾದ ಮೇಲೆ ನಿನ್ನ ಪತ್ರಕ್ಕೆ ಉತ್ತರಿಸಲಿಲ್ಲ, ಫೋನೂ ಎತ್ತಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಿಗೆ ಕೂತರೆ ಪರದೆಯಿಂದ ಮಗು ಮರೆಯಾಗುತ್ತಿತ್ತು, ಅದಕ್ಕೇ.

ತಿಂಗಳು ತುಂಬದೆ ಹುಟ್ಟಿದವಳು ಇನ್ನೂ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಇದ್ದಾಳೆ. ಹೊಲಿಗೆಗೆ ಸೋಂಕು ತಗಲಿ ಜ್ವರ ಬಂದಿದ್ದರಿಂದ ನನ್ನನ್ನು ಒಳಗೆ ಬಿಡುತ್ತಿಲ್ಲ. ಪ್ರತಿ ಪೆಟ್ಟಿಗೆಯ ಮೇಲೂ ಒಂದು ಕ್ಯಾಮೆರಾ ಇದೆ. ಅವರು ಕೊಟ್ಟ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿದರೆ ಮಗು ಉಸಿರಾಡುವುದು ಮನೆಯಲ್ಲೇ ಕಾಣುತ್ತದೆ. ಸೂಜಿ ಚುಚ್ಚುವಾಗ ನರ್ಸ್‌ಗಳು ಕ್ಯಾಮೆರಾಕ್ಕೆ ಬಟ್ಟೆ ಮುಚ್ಚುತ್ತಾರೆ. ಅದನ್ನು ತೆಗೆಯುವವರೆಗೆ ನಾನೂ ಉಸಿರು ಬಿಗಿಹಿಡಿದಿರುತ್ತೇನೆ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಅವಳನ್ನೇ ನೋಡುತ್ತ ಪಂಪಿನಲ್ಲಿ ಹಾಲು ತೆಗೆಯುತ್ತೇನೆ. ನೋಡದಿದ್ದರೆ ಒಂದು ಹನಿಯೂ ಇಳಿಯದು. ಇವರು ಅದನ್ನು ಐಸ್ ಡಬ್ಬಿಯಲ್ಲಿಟ್ಟು ಒಯ್ದು ವಾರ್ಡಿನ ಬಾಗಿಲಲ್ಲೇ ಕೊಟ್ಟು ಬರುತ್ತಾರೆ.

ಮೊನ್ನೆ ಅತ್ತೆ ಕನ್ನಡಕ ಹಾಕಿಕೊಂಡು, ಟೋಪಿ, ಟ್ಯೂಬು, ಅಂಟುಪಟ್ಟಿಗಳ ನಡುವೆ ಕಾಣುವಷ್ಟು ಮುಖವನ್ನೇ ದಿಟ್ಟಿಸಿ, ಮೂಗು ನಮ್ಮ ಮನೆತನದ್ದೇ ಎಂದು ತೀರ್ಪು ಕೊಟ್ಟರು. ಹಾಗಾದರೆ ಗೊರಕೆಯೂ ನಿನ್ನದೇ ಬರುತ್ತೆ ಬಿಡು ಎಂದರು ಮಾವ. ಎಷ್ಟೋ ದಿನಗಳ ಮೇಲೆ ನಕ್ಕೆ.

ನಿನ್ನೆ ನರ್ಸ್ ಇವರ ನಂಬರಿಗೆ ಫೋನ್ ಮಾಡಿ ನನ್ನನ್ನು ಕರೆಸಿ, ಟ್ಯೂಬ್ ತೆಗೆದಾಯಿತು, ಮಗಳು ತಾನೇ ಉಸಿರಾಡುತ್ತಿದ್ದಾಳೆ ಎಂದಳು. ನನ್ನ ಫೋನಿನ ಪರದೆಯಲ್ಲಿ ಟ್ಯೂಬ್ ಹಾಗೇ ಇತ್ತು. ಇದೆಯಲ್ಲ ಅಂದೆ. ಇಲ್ಲ ಅಂದಳು. ನನ್ನ ಕಣ್ಣೆದುರಿಗೇ ಇದೆ ಎಂದು ವಾದಕ್ಕಿಳಿದೆ.

“ಅಯ್ಯೋ ಮೇಡಂ, ಹಳೇ ಲಿಂಕೇ ನೋಡ್ತಿದ್ದೀರಾ? ಹೋದ ವಾರವೇ ನಿಮ್ಮ ಮಗೂನ ಕಿಟಕಿ ಪಕ್ಕದ ಪೆಟ್ಟಿಗೆಗೆ ಹಾಕಿದ್ವಿ. ಕ್ಯಾಮೆರಾ ಇರೋದು ಪೆಟ್ಟಿಗೆಗೆ, ಮಗೂಗಲ್ಲ. ಹೊಸದನ್ನ ನಿಮ್ಮ ಯಜಮಾನ್ರ ಈ ನಂಬರಿಗೇ ಕಳಿಸಿದ್ವಲ್ಲ.”

ಇವರು ಆ ಮೆಸೇಜ್ ನೋಡಿಯೂ ಇದ್ದರು. ಹಳೆಯದೇ ಸರಿಯಾಗಿ ಬರುತ್ತಿದೆಯಲ್ಲ, ಸುಮ್ಮನೆ ಯಾಕೆ ಬದಲಾಯಿಸುವುದು ಎಂದುಕೊಂಡರಂತೆ. ನನ್ನ ಮುಖ ನೋಡಿ, “ಬಿಡೇ, ಈ ವಯಸ್ಸಲ್ಲಿ ಎಲ್ಲವೂ ಬೇಯಿಸಿದ ಆಲೂಗಡ್ಡೆ ಥರಾನೇ ಇರ್ತವೆ,” ಎಂದರು. ಸಮಾಧಾನಕ್ಕೇ ಅಂದದ್ದು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಅಕ್ಕ, ಇಷ್ಟು ದಿನ ನನ್ನ ಮಗಳು ಆ ಕಿಟಕಿ ಪಕ್ಕ ಒಬ್ಬಳೇ ಇದ್ದಳು. ಅವಳು ಮೊದಲ ಸಲ ತಾನಾಗಿ ಉಸಿರೆಳೆದಾಗ ನಾನು ಬೇರೆ ಯಾರದೋ ಮಗುವಿನ ಪುಟ್ಟ ಪಾದ ನೋಡುತ್ತ ಕೂತಿದ್ದೆ. ಹೆತ್ತ ಕರುಳಿಗೆ ಗೊತ್ತಾಗುತ್ತದೆ ಅನ್ನುತ್ತಾರಲ್ಲ, ನನ್ನದು ಎಂಥ ಕರುಳು? ಸೋಮವಾರ ಒಳಗೆ ಬಿಡುತ್ತಾರಂತೆ. ಒಬ್ಬಳೇ ಹೋಗಲಾರೆ. ನೀನು ಬಾ. ಅವಳ ಕೈಗೆ ಕಟ್ಟಿರುವ ಪಟ್ಟಿ ಓದಿ, ಇವಳೇ ಎಂದು ನೀನು ತೋರಿಸು.

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ಕಾಲ ಬಾಳಲಿ. ಇವತ್ತು ನನ್ನ ಪರವಾಗಿ ಅವರನ್ನೊಮ್ಮೆ ಅಪ್ಪಿಕೋ.

ನಿನ್ನ
ಗುಬ್ಬಿ

ತಾ.ಕ.: ಹೊಸ ಲಿಂಕ್ ತೆರೆದೆ. ಮಗಳು ಚೆನ್ನಾಗಿದ್ದಾಳೆ, ಕೈಯನ್ನು ಬಾಯಿಗೆ ಒಯ್ಯುತ್ತಾಳೆ. ಆದರೆ ಅವಳನ್ನೇ ನೋಡುತ್ತ ಎಷ್ಟು ಕೂತರೂ ನಿನ್ನೆಯಿಂದ ಹಾಲು ಇಳಿಯಲಿಲ್ಲ. ಖಾಲಿ ಬಾಟಲಿ ಹೇಗೆ ಕಳಿಸಲಿ? ಇವತ್ತು ಬೆಳಿಗ್ಗೆ ಯಾರಿಗೂ ಹೇಳದೆ ಹಳೆಯ ಲಿಂಕ್ ತೆರೆದೆ. ಆ ಮಗು ಮಲಗಿತ್ತು. ಇಳಿಯಿತು, ಅಕ್ಕ. ಆ ಹಾಲನ್ನೇ ನನ್ನ ಮಗಳಿಗೆ ಕಳಿಸಿದ್ದೇನೆ.