ಸೌನಾ ಒಲೆಯ ಕಲ್ಲುಗಳು

ಡಿಸೆಂಬರ್ 8, ಭಾನುವಾರ

ಒಲೆಯ ಕಲ್ಲುಗಳನ್ನೆಲ್ಲ ಇಳಿಸಿ ಹಿತ್ತಲಲ್ಲಿ ಹರವಿದೆ. ತಳದಲ್ಲಿ ಮತ್ತೆ ಬಿಳಿ ಪುಡಿ, ಚಕ್ಕೆ. ಒಂದು ಕಲ್ಲು ಕೈಯಲ್ಲೇ ಹೋಳಾಯಿತು. ಇವರು ಸೊಂಟನೋವಿಗೆಂದು ಹಿತ್ತಲ ಕೋಣೆಗೆ ಹಲಗೆ ಹೊಡೆಸಿ, ಕಲ್ಲು ಕಾಯಿಸಿ ಮೈ ಬೆವರಿಳಿಸುವ ಕರೆಂಟಿನ ಸೌನಾ ಒಲೆ ತರಿಸಿದ್ದು ದೀಪಾವಳಿಗೆ. ಕಲ್ಲು ಮಾತ್ರ ಮನೆಯವೇ — ನೆಲಕ್ಕೆ ಹಾಸಿ ಉಳಿದ ಶಹಾಬಾದ್ ಫರಸಿಯ ತುಂಡು.

ಅತ್ತೆಗೆ ತಮಾಷೆ. "ಕಲಬುರ್ಗ್ಯಾಗ ಹುಟ್ಟಿ ಬಿಸಲು ಸಾಲಲಿಲ್ಲಂತ ಮನ್ಯಾಗ ಒಲಿ ಹಚ್ಚಿಸ್ಕೊಂಡಾನ ನನ್ನ ಮಗ."

ಡಿಸೆಂಬರ್ 11

ಕಾದ ಕಲ್ಲಿಗೆ ಇವರು ನೀರು ಚಿಮುಕಿಸಿದರಂತೆ. ಟಪ್ಪೆಂದು ಸದ್ದು, ಅಡುಗೆಮನೆಗೂ ಕೇಳಿಸಿತು. ಚೂರು ಹಾರಿ ಹುಬ್ಬಿನ ಮೇಲೆ ಗಾಯ. ಇನ್ನೊಂದು ಬೆರಳು ಕೆಳಗಿದ್ದರೆ...

"ಈ ಫರಸಿ ಇಷ್ಟು ವರ್ಷ ತುಳದೀವಿ, ಏನಾಗ್ಯದ?"

"ತುಳದೀವಿ ರೀ, ಹುರಿದಿಲ್ಲ."

ನಕ್ಕರು. ನನಗೆ ನಗು ಬರಲಿಲ್ಲ. ಸುಣ್ಣದ ಕಲ್ಲು ಅದು, ಕಾದು ಕಾದು ಬಿರಿಯುತ್ತದೆ. ಕವಿತೆ ಪುಸ್ತಕ ತೆರೆದೆ. ಒಂದು ಸಾಲೂ ಒಳಗೆ ಇಳಿಯಲಿಲ್ಲ.

ಡಿಸೆಂಬರ್ 15, ಕಮಲಾಪುರ

ಎಂ.ಎ. ಗೆಳತಿ ಸುಮಂಗಲಾಳ ಹೊಲ. ಬದುವಿನುದ್ದಕ್ಕೂ ಕರಿಕಲ್ಲು, ಕಾದರೂ ಬಿರಿಯದ ಜಾತಿ.

"ಇವನ್ನ ಆರಿಸಿ ಹೊರಗ ಒಗಿಯೋದ್ರಾಗ ನಮ್ಮಪ್ಪ ಮುದುಕ ಆದ. ನೀ ನೋಡಿದ್ರ ಕಾರ್ ತಗೊಂಡು ಬಂದು ಒಯ್ಲಾಕತ್ತೀ."

ಒಂದಕ್ಕೊಂದು ತಟ್ಟಿದೆ. ಖಣ್ ಎಂದದ್ದು ಇಟ್ಟುಕೊಂಡೆ. ಮಂಕು ಸದ್ದಿನದು, ಸೀಳು ಬಿಟ್ಟದ್ದು, ತೂತು ಇದ್ದದ್ದು — ಬೇಡ. ಹಳ್ಳದಲ್ಲಿ ನುಣುಪಾದ ಚೆಂದದವು ಇದ್ದವು. ಮುಟ್ಟಲಿಲ್ಲ. ಅಂಥವು ಒಳಗೆ ನೀರು ಹಿಡಿದಿರುತ್ತವೆ, ಕಾದರೆ ಸಿಡಿಯುತ್ತವೆ.

ಡಿಸೆಂಬರ್ 17

ಬ್ರಷ್‌ನಿಂದ ಉಜ್ಜಿ, ಒಣಗಿಸಿ ಜೋಡಿಸಿದೆ. ದೊಡ್ಡವು ಕೆಳಗೆ, ಸಣ್ಣವು ಮೇಲೆ, ನಡುವೆ ಗಾಳಿಗೆ ಜಾಗ. ಬಾಗಿಲು ತೆರೆದಿಟ್ಟು ಬರೀ ಒಲೆ ಕಾಯಿಸಿ ನೋಡಿದೆ. ಸದ್ದಿಲ್ಲ. ಸಂಜೆ ಇವರು ಹೊರಬಂದು, "ಸೊಂಟ ಹೂವಾಗ್ಯದ" ಎಂದರು. ಹುಬ್ಬಿನ ಗಾಯ ಒಣಗಿದೆ. ಆದರೂ ಇವರು ಒಳಗೆ ಹೋದರೆ ನನ್ನ ಕಿವಿ ಅಲ್ಲೇ.

ಜನವರಿ 5, ಭಾನುವಾರ

ಕಲ್ಲು ನೋಡಲು ಹೋದೆ. ಎರಡನೆಯ ಸಾಲಿನಲ್ಲಿ ನುಣುಪು, ಮೊಟ್ಟೆಯಂಥದ್ದೊಂದು. ನಾನು ತಂದದ್ದಲ್ಲ. ಸಂದಿಯಲ್ಲಿ ಗಂಧದ ಗುರುತು. ಎತ್ತಿಕೊಂಡು ಅಡುಗೆಮನೆಗೆ ನಡೆದೆ.

"ನಾನೇ ಇಟ್ಟೀನಿ" ಎಂದರು ಅತ್ತೆ. "ಗಾಣಗಾಪುರ ಸಂಗಮದ್ದು. ಬೆಂಕಿ ಮುಂದ ಬರೇ ಮೈಲೆ ಕೂಡ್ತಾನ ಸುಮಂತ. ಹಣಿಗಿ ಪೆಟ್ಟೂ ಬಿತ್ತು. ದೇವರ ಕಾವಲು ಬ್ಯಾಡೇನು?"

"ಅತ್ತಿ, ನದಿ ಕಲ್ಲು ಕಾದ್ರ ಸಿಡಿತಾವರೀ. ಅವರ ಕಣ್ಣಿಗಿ ಹೊಡದ್ರ?"

ನನ್ನನ್ನೇ ನೋಡಿದರು. "ಸಂಗಮದ ಕಲ್ಲು ನನ್ನ ಮಗನ್ನ ಹೊಡಿತದೇನ, ಮಂಜುಷಾ?"

ಕಲ್ಲನ್ನು ಅವರ ಕೈಗೇ ಕೊಟ್ಟೆ. ತೊಳೆದು ದೇವರ ಮನೆಗೆ ಒಯ್ದರು.

ಜನವರಿ 7, ಸಂಜೆ

ಇವರಿಗೆ ಹೇಳಲೋ ಬೇಡವೋ. ಹೇಳಿದರೆ ತಾಯಿಯನ್ನು ಗದರುತ್ತಾರೆ. ಹೇಳದಿದ್ದರೆ ದಿನಾ ನಾನೇ ಕಾಯಬೇಕು. ಒಲೆ ಹಚ್ಚುವ ಮೊದಲು ಒಂದೊಂದೇ ಕಲ್ಲು ಎತ್ತಿ ನೋಡಿದೆ. ಎಲ್ಲ ಕಮಲಾಪುರದವೇ. ಒಲೆ ಕಾಯುತ್ತಿದೆ. ಇವರು ಮಹಡಿಯಲ್ಲಿ ಟವೆಲ್ ಹುಡುಕುತ್ತಿದ್ದಾರೆ. ಮನಸ್ಸು ಸ್ವಲ್ಪ ಹಗುರ. ಈ ಪುಟ ಮುಗಿಸಿ ಚಹಾ ಇಡಬೇಕು.

ಕಿಟಕಿಯಾಚೆ ಅತ್ತೆ. ದೇವರ ಮನೆಯಲ್ಲಿ ದೀಪ ಹಚ್ಚಿ ಬಂದವರು ಹಿತ್ತಲ ಕೋಣೆಯ ಕಡೆ ನಡೆದಿದ್ದಾರೆ. ಒಂದು ಕೈಯಲ್ಲಿ ಇಕ್ಕಳ. ಸೆರಗಿನ ಗಂಟು ಮೊಟ್ಟೆಯಂಥ ಭಾರಕ್ಕೆ ಜೋತುಬಿದ್ದಿದೆ. ಇವರ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ —